ಅಲಾರಂನ ರಕ್ತ, ಲೋಲಕನ ಚೀಟಿ

ಆ ಬೀದಿಯಲ್ಲಿ ಅವರನ್ನು ಎಲ್ಲರೂ ವಾಚ್‌ಮಾವ ಎಂದೇ ಕರೆಯುತ್ತಿದ್ದರು. ಚಿಕ್ಕ ಮಕ್ಕಳಿಗೂ ಮಾವ, ಎಂಬತ್ತು ದಾಟಿದ ಮುದುಕರಿಗೂ ಮಾವ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಉದ್ದನೆಯ ಒಂದೇ ಮೇಜು. ಕಿಟಕಿಯ ಕಡೆಯ ಅರ್ಧ ಮಾವನದು, ಗೋಡೆಯ ಕಡೆಯ ಅರ್ಧ ಅವರ ಹೆಂಡತಿಯದು. ಮಾವನ ಕಡೆ ಚಿಮಟಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಹೊಟ್ಟೆ ಬಿಚ್ಚಿಕೊಂಡು ಮಲಗಿದ ಗಡಿಯಾರಗಳು. ಹೆಂಡತಿಯ ಕಡೆ ರಟ್ಟು, ದಾರ, ಗೋಂದಿನ ಡಬ್ಬ, ಬೆನ್ನು ಮುರಿದುಕೊಂಡು ಬಂದ ಪುಸ್ತಕಗಳು. ಪುಸ್ತಕಕ್ಕೆ ಬೈಂಡು ಹಾಕುವುದು ಆಕೆಯ ಕಸುಬಾದ್ದರಿಂದ ಬೀದಿಗೆಲ್ಲ ಆಕೆ ಗೋಂದಿನತ್ತೆ. ಇಬ್ಬರ ನಡುವೆ ಗಡಿಯೆಂದು ಒಂದು ಮರದ ಸ್ಕೇಲು. ಅದನ್ನು ದಾಟಿ ಗೋಂದು ಹರಿದರೂ ಜಗಳ, ಸ್ಪ್ರಿಂಗು ಹಾರಿದರೂ ಜಗಳ.

ಮೇಜಿನ ಕೆಳಗೆ ಮಾತ್ರ ಗಡಿ ಗಿಡಿ ಏನೂ ಇರಲಿಲ್ಲ. ಅಲ್ಲಿ ಎರಡು ನಾಯಿಗಳು ಒಂದರ ಮೇಲೊಂದು ಕಾಲು ಹಾಕಿಕೊಂಡು ಮಲಗುತ್ತಿದ್ದವು. ಒಂದೇ ಸೂಲಿನ ಅಣ್ಣತಮ್ಮಂದಿರು, ಒಂದೇ ಕಂದು ಬಣ್ಣ. ಅಣ್ಣನ ಹಿಂಗಾಲಿನ ಒಂದು ಬೆರಳು ಬಿಳಿ, ಅಷ್ಟೇ ವ್ಯತ್ಯಾಸ. ಅಣ್ಣ ಸದಾ ಬೊಗಳುತ್ತಿದ್ದುದರಿಂದ ಅವನ ಹೆಸರು ಅಲಾರಂ. ತಮ್ಮ ಬಾಯಿ ಬಿಡುತ್ತಿರಲಿಲ್ಲ; ಯಾರು ಬಂದರೂ ಬಾಲವನ್ನು ಅತ್ತಿಂದಿತ್ತ, ಇತ್ತಿಂದತ್ತ ಒಂದೇ ಲಯದಲ್ಲಿ ಬೀಸುತ್ತಿದ್ದ. ಹಾಗಾಗಿ ಅವನು ಲೋಲಕ.

ಒಂದು ಸೋಮವಾರ ಆ ಬಾಲ ನಿಂತುಹೋಯಿತು. ಹಳೆಯ ಗೋಡೆ ಗಡಿಯಾರವೊಂದರ ಹಿತ್ತಾಳೆ ಕೀಲಿಯನ್ನು ಲೋಲಕ ಕಚ್ಚಿ ದವಡೆ ಹಲ್ಲು ಮುರಿದುಕೊಂಡಿತ್ತು. ಕೆನ್ನೆ ಊದಿತ್ತು. ಮುಂದಿಟ್ಟ ಹಾಲು ಹಾಗೆಯೇ ಇತ್ತು.

"ನಿಮ್ಮ ಕೀಲಿ, ನಿಮ್ಮ ಕಡೆಯಿಂದ ಬಿದ್ದಿದ್ದು," ಎಂದರು ಗೋಂದಿನತ್ತೆ.

"ಬಿದ್ದಿದ್ದು ನನ್ನ ಕಡೆಯಿಂದ, ಕಚ್ಚಿದ್ದು ನಿನ್ನ ಕಡೆ ಕೂತ್ಕೊಂಡು," ಎಂದರು ಮಾವ. ಜಗಳ ಅಲ್ಲಿಗೇ ನಿಲ್ಲಿಸಿ ಇಬ್ಬರೂ ನಾಯಿಯನ್ನು ಪ್ರಾಣಿಗಳ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಹಲ್ಲು ನೋಡಲೆಂದು ಲೋಲಕನ ತುಟಿ ಎತ್ತಿದವರು ಹಲ್ಲನ್ನು ಬಿಟ್ಟು ವಸಡನ್ನೇ ನೋಡುತ್ತ ನಿಂತರು. ವಸಡಿನ ತುಂಬ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ಹೊಟ್ಟೆಯ ಮೇಲೂ ಅವೇ.

"ಇವನ ಮೈಮೇಲೆ ಉಣ್ಣೆ ಇತ್ತಾ ಮಾವ? ನಾಯಿಗೆ ಕಚ್ಚಿಕೊಳ್ಳುತ್ತಲ್ಲ, ಆ ಹುಳ?"

"ಇತ್ತು. ಹೋದ ತಿಂಗಳು ಹಿಂದುಗಡೆ ಹುಲ್ಲಲ್ಲಿ ಮಲಗಿ ಮಲಗಿ ಹತ್ತಿಸ್ಕೊಂಡಿದ್ದ. ನಾನೇ ಚಿಮಟದಲ್ಲಿ ಒಂದೊಂದಾಗಿ ತೆಗೆದೆ. ಹದಿನಾಲ್ಕು. ಒಂದರ ಕಾಲೂ ಮುರೀಲಿಲ್ಲ," ಎಂದರು ಮಾವ ಸ್ವಲ್ಪ ಹೆಮ್ಮೆಯಿಂದಲೇ.

"ನೀವು ತೆಗೆಯೋ ಮೊದಲೇ ಅವು ಕೆಲಸ ಮುಗಿಸಿವೆ ಅನ್ಸುತ್ತೆ. ರಕ್ತ ನೋಡೋಣ."

ಮುಂಗಾಲಿನ ಕೂದಲು ಬೋಳಿಸಿ, ಸೂಜಿ ಚುಚ್ಚಿ, ಅರ್ಧ ಚಮಚೆಯಷ್ಟು ರಕ್ತ ತೆಗೆದರು. ಆಮೇಲೆ ಶುರುವಾಯಿತು ಫಜೀತಿ. ಚುಚ್ಚಿದ ಕಡೆ ರಕ್ತ ನಿಲ್ಲಲೇ ಇಲ್ಲ. ಹತ್ತಿ ಒತ್ತಿ ಹಿಡಿದರೆ ಹತ್ತಿ ಕೆಂಪಾಯಿತು. ಇನ್ನೊಂದು ಇಟ್ಟರೆ ಅದೂ ಕೆಂಪಾಯಿತು. ಮಾವ ಕೈಗಡಿಯಾರ ನೋಡುತ್ತಲೇ ಇದ್ದರು. ನಿಂತಾಗ ಸರಿಯಾಗಿ ಇಪ್ಪತ್ತೆರಡು ನಿಮಿಷವಾಗಿತ್ತು. ಅಷ್ಟು ಹೊತ್ತೂ ಲೋಲಕ ಕುಂಯ್ ಎನ್ನದೆ ಮಾವನ ಮುಖವನ್ನೇ ನೋಡುತ್ತಿತ್ತು. ಅದೇ ಅವರಿಗೆ ತಡೆಯಲಾಗಲಿಲ್ಲ. ಕಚ್ಚಿದ್ದರೆ, ಕೂಗಿದ್ದರೆ ಎಷ್ಟೋ ವಾಸಿಯಿತ್ತು.

ಲ್ಯಾಬಿನಿಂದ ರಕ್ತದ ಎಣಿಕೆಯ ಚೀಟಿ ಬಂತು. ಡಾಕ್ಟರಮ್ಮ ವಿವರಿಸಿದರು: "ರಕ್ತದಲ್ಲಿ ಪ್ಲೇಟ್‌ಲೆಟ್ ಅಂತ ಸಣ್ಣ ಬಿಲ್ಲೆಗಳಿರ್ತವೆ. ಎಲ್ಲಾದ್ರೂ ನಾಳ ಒಡೆದ್ರೆ ಓಡಿ ಬಂದು ಅಂಟ್ಕೊಂಡು ತೂತು ಮುಚ್ಚೋದು ಅವುಗಳ ಕೆಲಸ. ನಾಯಿಗೆ ಕಡಿಮೆ ಅಂದ್ರೂ ಎರಡು ಲಕ್ಷ ಇರ್ಬೇಕು. ಇವನಿಗೆ ಹತ್ತೊಂಬತ್ತು ಸಾವಿರ ಇದೆ. ಉಣ್ಣೆಯಿಂದ ಬಂದ ಸೋಂಕು ಆ ಬಿಲ್ಲೆಗಳನ್ನ ತಿಂದುಹಾಕ್ತಿದೆ."

"ಅಂದ್ರೆ ಒಳಗಡೆಯ ಗೋಂದು," ಎಂದರು ಗೋಂದಿನತ್ತೆ.

"ಹೌದತ್ತೆ, ಗೋಂದೇ."

"ಕೇಳಿಸ್ತೇನ್ರೀ? ಗೋಂದಿಲ್ಲದೆ ಯಾರದ್ದೂ ನಡೆಯಲ್ಲ."

ಇಪ್ಪತ್ತೆಂಟು ದಿನದ ಮಾತ್ರೆ ಬರೆದುಕೊಟ್ಟು ಡಾಕ್ಟರಮ್ಮ ಕೊನೆಗೆ ಹೇಳಿದ ಮಾತು ಇದು: "ಹಲ್ಲಿನ ಬುಡದಲ್ಲಿ ಕೀವಿದೆ, ಅದನ್ನ ಬಹಳ ದಿನ ಬಿಡೋ ಹಾಗಿಲ್ಲ. ಆದ್ರೆ ಈಗ ಕಿತ್ತರೆ ರಕ್ತ ನಿಲ್ಲಲ್ಲ. ನಾಯಿ ಟೇಬಲ್ ಮೇಲೇ ಹೋಗಿಬಿಡುತ್ತೆ. ಎಣಿಕೆ ಒಂದು ಲಕ್ಷ ದಾಟಲಿ, ತೆಗೆಯೋಣ. ಐದನೇ ದಿನ ಮತ್ತೆ ರಕ್ತ ಕೊಡಿಸಿ."

ಮನೆಗೆ ಬಂದ ಮೇಲೆ ಚುಚ್ಚಿದ ಜಾಗ ಕಪ್ಪುನೀಲಿಯಾಗಿ, ಜೇಬುಗಡಿಯಾರದಷ್ಟು ಅಗಲಕ್ಕೆ ಊದಿತು. ಮಾವ ದಿನಕ್ಕೆ ಹತ್ತು ಸಲ ಕೆಲಸ ಬಿಟ್ಟು ಬಗ್ಗಿ ಅದನ್ನೇ ನೋಡುವರು. ಮಾತ್ರೆಯನ್ನೇನೋ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದರು. ಬೆಳಿಗ್ಗೆ ಎಂಟು, ಸಂಜೆ ಎಂಟು, ಒಂದು ನಿಮಿಷ ಆಚೀಚೆಯಿಲ್ಲ. ಆದರೆ ಐದನೆಯ ದಿನ ಹತ್ತಿರವಾದಂತೆಲ್ಲ ಅವರು ಕ್ಯಾಲೆಂಡರಿನ ಕಡೆ ನೋಡುವುದನ್ನೇ ಬಿಟ್ಟರು. ಮತ್ತೆ ಆ ಸೂಜಿ, ಮತ್ತೆ ಆ ಇಪ್ಪತ್ತೆರಡು ನಿಮಿಷ, ಮತ್ತೆ ಆ ನೋಟ.

ಐದನೆಯ ದಿನ ಗೋಂದಿನತ್ತೆ ಬೈಂಡು ಮುಗಿದ ಪುಸ್ತಕಗಳನ್ನು ಶಾಲೆಗೆ ತಲುಪಿಸಲು ಹೋಗಿದ್ದರು. ಮಾವ ಬಾಗಿಲ ಬಳಿ ಸರಪಳಿ ಹಿಡಿದು ನಿಂತರು. ಲೋಲಕ ಎದ್ದು ನಿಲ್ಲಲು ನೋಡಿತು, ಆಗಲಿಲ್ಲ, ಮತ್ತೆ ತಲೆಯಿಟ್ಟು ಮಲಗಿತು. ಅಲಾರಂ ಮಾತ್ರ ಸರಪಳಿ ಕಂಡದ್ದೇ ತಡ, ಮನೆ ಹಾರಿಹೋಗುವ ಹಾಗೆ ಬೊಗಳುತ್ತ ಕುಣಿಯತೊಡಗಿತು.

ಆಗ ಮಾವನ ತಲೆಯಲ್ಲಿ ಒಂದು ಲೆಕ್ಕಾಚಾರ ಓಡಿತು. ಒಂದೇ ಕಾರ್ಖಾನೆ, ಒಂದೇ ದಿನ ತಯಾರಾದ ಎರಡು ಗಡಿಯಾರ. ಒಂದರ ಮುಚ್ಚಳ ತೆಗೆದರೆ ಇನ್ನೊಂದರ ಒಳಗೇನಿದೆ ಎಂದು ಗೊತ್ತಾಗುವುದಿಲ್ಲವೇ? ಹುಟ್ಟಿದ ಹೊಟ್ಟೆ ಒಂದೇ, ಉಣ್ಣುವ ತಟ್ಟೆ ಒಂದೇ. ಹಾಗಿದ್ದ ಮೇಲೆ ರಕ್ತ ಮಾತ್ರ ಹೇಗೆ ಬೇರೆಯಾದೀತು? ಕಾಯಿಲೆಯವನನ್ನು ಯಾಕೆ ಗೋಳುಹೊಯ್ದುಕೊಳ್ಳಬೇಕು? ಗಟ್ಟಿಮುಟ್ಟಾದವನು ಇದ್ದಾನಲ್ಲ, ಅಣ್ಣನೆಂದ ಮೇಲೆ ತಮ್ಮನಿಗಾಗಿ ಇಷ್ಟು ಮಾಡಲಿ.

ಮೆತ್ತನೆಯ ಮನಸ್ಸು ಹೂಡಿದ ನೆಪ ಅದು. ಆ ಹೊತ್ತಿಗೆ ಮಾವನಿಗೆ ಅದು ಶುದ್ಧ ವಿಜ್ಞಾನದಂತೆ ಕಂಡಿತು.

ಡಾಕ್ಟರಮ್ಮ ಹಸುವೊಂದರ ಹೆರಿಗೆಗೆ ಹೋಗಿದ್ದರು. ರಕ್ತ ತೆಗೆದವನು ಕಾಂಪೌಂಡರ್. ಅವನು ಲೋಲಕನನ್ನು ಕಂಡವನೇ ಅಲ್ಲ. ಕಾಲಿನ ಕೂದಲು ಬೋಳಿಸಿ ಸೂಜಿ ಹಾಕುವಷ್ಟರಲ್ಲಿ ಅಲಾರಂ ಆಸ್ಪತ್ರೆಯನ್ನೇ ತಲೆಯ ಮೇಲೆ ಹೊತ್ತುಕೊಂಡಿತು.

"ಏನ್ ಮಾವ, ಕಾಯಿಲೆ ನಾಯಿ ಅಂತ ಚೀಟಿಯಲ್ಲಿದೆ. ನನ್ನ ಕಿವಿಗೇ ಕಾಯಿಲೆ ಬಂತಲ್ಲ!"

"ಗುಣ ಆಗ್ತಿದೆ ನೋಡಿ," ಎಂದರು ಮಾವ, ಎಲ್ಲೋ ನೋಡುತ್ತ.

ಸಂಜೆ ಡಾಕ್ಟರಮ್ಮನ ಫೋನು ಬಂತು. ಎತ್ತಿದವರು ಗೋಂದಿನತ್ತೆ. "ಮೂರು ಲಕ್ಷ ಹತ್ತು ಸಾವಿರ!" ಎಂಬ ಮಾತು ಮಾವನಿಗೂ ಕೇಳಿಸಿತು. "ನಾಳೆ ಒಂಬತ್ತಕ್ಕೆ ಕರ್ಕೊಂಡು ಬನ್ನಿ, ಹಲ್ಲು ತೆಗೆದುಬಿಡೋಣ. ಊಟ ಇವತ್ತು ಎಂಟಕ್ಕೇ ಮುಗಿಸಿ. ಆಮೇಲೆ ಹೊಟ್ಟೆಗೆ ಏನೂ ಬೇಡ."

ಗೋಂದಿನತ್ತೆಯ ಸಂತೋಷ ನೋಡುವ ಹಾಗಿತ್ತು. ಗೋಂದಿನ ಕುಂಚವನ್ನು ಕೈಯಲ್ಲಿ ಹಿಡಿದೇ ಬೀದಿಗಿಳಿದು, ಎದುರುಮನೆಗೆ, ಪಕ್ಕದ ಮನೆಗೆ, ಮೂಲೆಯ ಚಪ್ಪಲಿ ಅಂಗಡಿಗೆ ಸುದ್ದಿ ಮುಟ್ಟಿಸಿ ಬಂದರು. ಚಪ್ಪಲಿ ಅಂಗಡಿಯವನ ಅಂಗಿಗೆ ಗೋಂದೂ ಮುಟ್ಟಿತು.

ಮಾವ ಮೇಜಿನ ಕೆಳಗೆ ಬಗ್ಗಿದರು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ ಲೋಲಕನ ತುಟಿ ಎತ್ತಿದರು. ಚುಕ್ಕೆಗಳು ಅಲ್ಲೇ ಇದ್ದವು. ಮೂಗಿನ ಒಂದು ಹೊಳ್ಳೆಯಲ್ಲಿ ಸಾಸಿವೆಯಷ್ಟು ರಕ್ತ ಒಣಗಿತ್ತು. ಪಕ್ಕದಲ್ಲಿ ಅಲಾರಂ ಕಾಲು ಚಾಚಿ ಮಲಗಿತ್ತು. ಬೋಳಿಸಿದ ಜಾಗದಲ್ಲಿ ಬೆಳಿಗ್ಗೆ ಸೂಜಿ ಚುಚ್ಚಿದ ಗುರುತನ್ನು ಎಷ್ಟು ಹುಡುಕಿದರೂ ಕಾಣಲಿಲ್ಲ.

ಒಂದರಲ್ಲಿ ಗುರುತಿಲ್ಲ, ಇನ್ನೊಂದರಲ್ಲಿ ಜೇಬುಗಡಿಯಾರದಷ್ಟು ಕಪ್ಪು. ನಲವತ್ತು ವರ್ಷ ಗಡಿಯಾರ ನೋಡಿದ ಕಣ್ಣಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ನಾಳೆ ಒಂಬತ್ತಕ್ಕೆ ಡಾಕ್ಟರಮ್ಮ ಮೂರು ಲಕ್ಷ ಇದೆಯೆಂದುಕೊಂಡು ಹತ್ತೊಂಬತ್ತು ಸಾವಿರದ ನಾಯಿಯ ಹಲ್ಲಿಗೆ ಇಕ್ಕಳ ಹಾಕುತ್ತಾರೆ.

"ಏ, ಇಲ್ಲಿ ಕೇಳು," ಎಂದು ಹೆಂಡತಿಯನ್ನು ಕರೆದರು.

"ಏನೂ ಹೇಳ್ಬೇಡಿ. ನಿಮ್ಮನ್ನ ಐದು ದಿನದಿಂದ ನೋಡ್ತಿದ್ದೀನಿ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟು ಉಳಿಸ್ಕೊಂಡ್ರಿ. ಗಡಿಯಾರದವರು ಅಂದ್ರೆ ಹೀಗಿರ್ಬೇಕು," ಎಂದರು ಗೋಂದಿನತ್ತೆ. ಮದುವೆಯಾದ ಮೂವತ್ತಾರು ವರ್ಷದಲ್ಲಿ ಆಕೆ ಗಂಡನನ್ನು ಹೊಗಳಿದ್ದು ಅದು ಮೂರನೆಯ ಸಲವೋ ನಾಲ್ಕನೆಯದೋ. ಮಾವ ಭೂತಗನ್ನಡಿಯನ್ನು ಒರೆಸಿ ಡಬ್ಬದಲ್ಲಿಟ್ಟರು.

ಬೆಳಗಾಗುವ ಹೊತ್ತಿಗೆ ಅವರು ಇನ್ನೊಂದು ಉಪಾಯ ಹೂಡಿದ್ದರು. ಹಲ್ಲಂತೂ ಇವತ್ತು ಕೀಳಿಸಬಾರದು, ನಿಜವನ್ನೂ ಹೇಳಬಾರದು. ಹೊಟ್ಟೆ ತುಂಬಿದ್ದರೆ ಡಾಕ್ಟರಮ್ಮ ತಾವೇ ಮುಂದಕ್ಕೆ ಹಾಕುತ್ತಾರಲ್ಲ! ಹೆಂಡತಿ ಸ್ನಾನಕ್ಕೆ ಹೋದಾಗ ಒಂದು ಮೊಟ್ಟೆ ಬೇಯಿಸಿ, ಕಿವುಚಿ, ಲೋಲಕನ ಬಾಯಿಯ ನೋವಿಲ್ಲದ ಕಡೆಯಿಂದ ತಿನ್ನಿಸಿದರು. ಪಾಪ, ಅದು ಋಣ ತೀರಿಸುವ ಹಾಗೆ ನಿಧಾನವಾಗಿ ನುಂಗಿತು. ಅಲಾರಂ ಸುಮ್ಮನಿದ್ದೀತೆ? ಅದಕ್ಕೂ ಒಂದು ಕೊಡಬೇಕಾಯಿತು.

ಒಂಬತ್ತಕ್ಕೆ ಐದು ನಿಮಿಷವಿರುವಾಗ ಗಂಡ ಹೆಂಡತಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಲೋಲಕ ಮಾವನ ತೋಳಿನಲ್ಲಿತ್ತು. ಅರ್ಧ ಮೆಟ್ಟಿಲಲ್ಲಿ ಗೋಂದಿನತ್ತೆ ನಿಂತು, ಸೆರಗಿನ ತುದಿಯಿಂದ ನಾಯಿಯ ಮೀಸೆ ಒರೆಸಿ, ಬೆರಳನ್ನು ಮೂಗಿಗೆ ಹಿಡಿದರು.

"ಇದೇನ್ರೀ, ಮೊಟ್ಟೆ?"

"ಹಳೇದಿರ್ಬೇಕು."

"ಹಳೇದು ಇಷ್ಟು ಹಸಿಯಾಗಿರುತ್ತಾ? ಏನು ನಡೀತಿದೆ?"

ಮಾವ ಬಾಯಿ ತೆರೆಯುವ ಮೊದಲೇ ಎದುರಿನ ಬಾಗಿಲು ತೆರೆಯಿತು. ಹೊರಗೆ ಬಂದವರು ಗಾಜಿನಕ್ಕ. ಆಸ್ಪತ್ರೆಯ ಲ್ಯಾಬು ಅವರದು. ಹಿಂದೊಮ್ಮೆ ಅಲ್ಲಿ ಗಾಜಿನ ಪಟ್ಟಿಗಳನ್ನು ತೊಳೆಯುವ ಕೆಲಸಕ್ಕೆ ಸೇರಿ, ತೊಳೆಯುತ್ತಲೇ ಓದು ಕಲಿತು, ಈಗ ಅದೇ ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವವರು. ಯಂತ್ರ ಏನೇ ಹೇಳಲಿ, ತಮ್ಮ ಕಣ್ಣಿಂದ ಒಮ್ಮೆ ನೋಡದೆ ಚೀಟಿಯನ್ನು ಫೈಲಿಗೆ ಸೇರಿಸುವವರಲ್ಲ. ಅವರು ನಾಯಿಯನ್ನು ನೋಡಿದರು, ಮಾವನನ್ನು ನೋಡಿದರು, ಮೆಲ್ಲಗೆ ಕೇಳಿದರು:

"ಇನ್ನೊಂದು ನಾಯಿಯ ಹೆಸರೇನು ಮಾವ?"

"ಅಲಾರಂ ಅಂತ," ಎಂದರು ಗೋಂದಿನತ್ತೆ. "ನಮ್ಮನೇಲಿ ಇನ್ನೊಂದಿದೆ ಅಂತ ನಿಮಗೆ ಹೇಗೆ ಗೊತ್ತಮ್ಮ?"

"ನಿನ್ನೆ ಅದರ ರಕ್ತ ನೋಡಿದೆನಲ್ಲ."

ಗೋಂದಿನತ್ತೆ ಗಂಡನ ಕಡೆ ತಿರುಗಿದರು. ತಿರುಗುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು.

"ನಿಲ್ಲು, ನಾನೇ ಹೇಳ್ತೀನಿ," ಎಂದರು ಮಾವ. ಅಲ್ಲೇ ಮೆಟ್ಟಿಲ ಮೇಲೆ, ನಾಯಿಯನ್ನು ಎದೆಗವಚಿಕೊಂಡು, ಎಲ್ಲವನ್ನೂ ಹೇಳಿದರು. ಇಪ್ಪತ್ತೆರಡು ನಿಮಿಷ, ಆ ನೋಟ, ಒಂದೇ ಕಾರ್ಖಾನೆಯ ಎರಡು ಗಡಿಯಾರ, ಮೊಟ್ಟೆ, ಒಂದನ್ನೂ ಬಿಡಲಿಲ್ಲ. "ಹಲ್ಲು ಕೀಳೋಕಂತೂ ನಾನು ಬಿಡ್ತಿರ್ಲಿಲ್ಲ. ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ, ಅಷ್ಟೇ."

ಒಳಗಿನಿಂದ ಡಾಕ್ಟರಮ್ಮನೂ ಬಂದು ಕೇಳಿಸಿಕೊಂಡಿದ್ದರು. "ಅಕ್ಕ ಬೆಳಿಗ್ಗೆಯೇ ನನ್ನನ್ನ ತಡೆದಿದ್ರು. ನಾನು ನಂಬಿರಲಿಲ್ಲ," ಎಂದರು. "ಹೇಗೆ ಕಂಡುಹಿಡಿದ್ರಿ ಅಕ್ಕ, ಇವರಿಗೂ ಹೇಳಿ."

"ಕಂಡುಹಿಡಿಯೋದೇನು ಬಂತು. ಬಿಲ್ಲೆಗಳೇನೋ ಐದು ದಿನದಲ್ಲಿ ಏರಬಹುದು. ಆದ್ರೆ ಮೊದಲ ಸಲ ಇವನ ರಕ್ತವೇ ತೆಳ್ಳಗಿತ್ತು, ಹಿಮೋಗ್ಲೋಬಿನ್ ಎಂಟು. ನಿನ್ನೆ ಹದಿನೈದು! ಐದು ದಿನದಲ್ಲಿ ಯಾವ ನಾಯಿಗೂ ಅಷ್ಟು ರಕ್ತ ಹುಟ್ಟಲ್ಲ. ಕಾಂಪೌಂಡರನ್ನ ಕೇಳಿದ್ರೆ, ಎರಡೂ ಮುಂಗಾಲಲ್ಲಿ ಪೂರ್ತಿ ಕೂದಲಿತ್ತು, ನಾನೇ ಬೋಳಿಸಿದೆ ಅಂದ. ರಕ್ತವೂ ಹುಟ್ಟಿ ಕೂದಲೂ ಹುಟ್ಟಿ, ಜೊತೆಗೆ ಗಂಟಲೂ ಹುಟ್ಟಿದ್ರೆ ಅದು ಬೇರೆ ನಾಯಿಯೇ ಅಲ್ವಾ?"

"ಅಯ್ಯೋ ದೇವರೇ," ಎಂದರು ಗೋಂದಿನತ್ತೆ. ಆಮೇಲೆ ಗಂಡನಿಗೆ: "ಒಂದೇ ಕಾರ್ಖಾನೆಯಂತೆ! ಒಂದೇ ಕಂಪನಿಯ ಎರಡು ಗಡಿಯಾರ ಒಂದೇ ಟೈಮು ತೋರಿಸೋ ಹಾಗಿದ್ರೆ ನಿಮಗೆ ಯಾಕ್ರೀ ಅಂಗಡಿ? ನಿಮ್ಮ ಅಣ್ಣನೂ ನೀವೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೇ ತಾನೆ? ಅವರಿಗೆ ತಲೆ ತುಂಬ ಕೂದಲಿದೆ."

ಮಾವ ಬೋಳುತಲೆ ತಗ್ಗಿಸಿದರು. ಡಾಕ್ಟರಮ್ಮ ನಗು ತಡೆಯಲಾರದೆ ಒಳಗೆ ಹೋದರು. ಗೋಂದಿನತ್ತೆಯ ಧ್ವನಿ ಮಾತ್ರ ಇದ್ದಕ್ಕಿದ್ದಂತೆ ಇಳಿಯಿತು: "ನನಗೆ ಹೇಳಿದ್ರೆ ನಾನು ಹಿಡ್ಕೊಳ್ತಿರ್ಲಿಲ್ವಾ? ನೀವು ಹೊರಗೆ ಕೂತ್ಕೊಳ್ಳಬಹುದಿತ್ತು."

"ಬೇಡ," ಎಂದರು ಮಾವ. "ಈ ಸಲ ನಾನೇ ಹಿಡ್ಕೊಳ್ತೀನಿ."

ಹಿಡಿದರು. ಲೋಲಕ ಮತ್ತೆ ಅವರ ಮುಖವನ್ನೇ ನೋಡಿತು, ಅವರೂ ಅದರ ಮುಖವನ್ನೇ ನೋಡಿದರು. ಸೂಜಿ ಹೊರಬಂತು. ಹತ್ತಿ ಒತ್ತಿ ಹಿಡಿದು ಮಾವ ಕೈಗಡಿಯಾರಕ್ಕೆ ಕಣ್ಣು ನೆಟ್ಟರು. ಐದು ನಿಮಿಷ. ಎಂಟು. ಹತ್ತು. ಹನ್ನೊಂದನೆಯ ನಿಮಿಷಕ್ಕೆ ಹತ್ತಿ ತೆಗೆದರೆ, ರಕ್ತ ನಿಂತಿತ್ತು.

"ಅರ್ಧಕ್ಕರ್ಧ!" ಎಂದು ಕೂಗಿದರು. "ಇಪ್ಪತ್ತೆರಡು ಇದ್ದದ್ದು ಹನ್ನೊಂದು! ಬರ್ಕೊಳ್ಳಿ!"

ಆದರೆ ಯಂತ್ರದಿಂದ ಬಂದ ಚೀಟಿ ನೋಡಿ ಡಾಕ್ಟರಮ್ಮನ ಮುಖ ಅಷ್ಟೇನೂ ಅರಳಲಿಲ್ಲ. ಮೂವತ್ತೆಂಟು ಸಾವಿರ. ಏರಿದೆ, ಆದರೆ ಸಾಲದು. ಲಕ್ಷವೆಲ್ಲಿ, ಇದೆಲ್ಲಿ. ಹಲ್ಲಿನ ಕೀವು ಅಷ್ಟು ದಿನ ಕಾಯುತ್ತದೆಯೇ? ಮೂರು ಲಕ್ಷ ಕೇಳಿದ ಕಿವಿಗೆ ಮೂವತ್ತೆಂಟು ಸಾವಿರ ಬಹಳ ಬಡಕಲಾಗಿ ಕೇಳಿಸಿತು. ಗೋಂದಿನತ್ತೆ ಬೆಂಚಿನ ಮೇಲೆ ಕುಳಿತು ಲೋಲಕನ ಕಿವಿ ಸವರತೊಡಗಿದರು.

ಅಷ್ಟರಲ್ಲಿ ಲ್ಯಾಬಿನ ಒಳಗಿನಿಂದ ಕರೆ ಬಂತು: "ಮಾವ, ಬನ್ನಿ ಇಲ್ಲಿ. ಇದನ್ನ ನೀವೇ ನೋಡ್ಬೇಕು."

ಚಿಕ್ಕ ಕೋಣೆ. ಕಿಟಕಿಯ ಬಳಿ ಮೇಜು, ನೇರಳೆ ಕಲೆ ಹತ್ತಿದ ಸಿಂಕು, ಗೋಡೆಯಲ್ಲಿ, ಗಾಜಿಗೆ ಹಾಕಿದ ಬಣ್ಣಕ್ಕೆ ಎಷ್ಟು ನಿಮಿಷವಾಯಿತೆಂದು ನೋಡಲು ಒಂದು ಹಳೆಯ ಗಡಿಯಾರ. ಒಳಗೆ ಕಾಲಿಡುತ್ತಲೇ ಮಾವನ ಕಿವಿ ಆ ಗಡಿಯಾರದ ಕಡೆ ಹೋಯಿತು, ಅದು ಕುಂಟುತ್ತಿತ್ತು. ಆದರೆ ಅದನ್ನು ಹೇಳುವ ಹೊತ್ತಲ್ಲ. ಅವರು ಸೂಕ್ಷ್ಮದರ್ಶಕಕ್ಕೆ ಬಗ್ಗಿದರು.

"ಅರೆ," ಎಂದರು ಗಾಜಿನಕ್ಕ. "ಎಲ್ಲರೂ ಒಂದು ಕಣ್ಣು ಮುಚ್ಚಿ ನೋಡ್ತಾರೆ. ನೀವು ಎರಡೂ ತೆರೆದೇ ನೋಡ್ತೀರಲ್ಲ!"

"ಮುಚ್ಚಿದ್ರೆ ಸಂಜೆಯೊಳಗೆ ತಲೆ ಸಿಡಿಯುತ್ತೆ. ನಲವತ್ತು ವರ್ಷದ ಅಭ್ಯಾಸ."

"ನನಗೂ ಅದೇ. ಸರಿ, ಏನು ಕಾಣ್ಸುತ್ತೆ ಹೇಳಿ."

"ಗುಲಾಬಿ ದುಂಡು ಬಿಲ್ಲೆಗಳು. ರಾಶಿ ರಾಶಿ."

"ಅವು ಕೆಂಪುಕಣ. ಅವುಗಳ ಸಂದಿಯಲ್ಲಿ ನೇರಳೆ ಚೂರು?"

"ಇದೆ, ಇದೆ. ಧೂಳಿನ ಹಾಗೆ. ಅಲ್ಲೊಂದು ಇಲ್ಲೊಂದು."

"ಅವು ಹಳೇ ಪ್ಲೇಟ್‌ಲೆಟ್. ಈಗ ಗಾಜನ್ನ ಸ್ವಲ್ಪ ಸರಿಸ್ತೀನಿ. ಅಲ್ಲಿ ದೊಡ್ಡದೊಂದು ನೇರಳೆ, ಕೆಂಪುಕಣದಷ್ಟೇ ಅಗಲ, ಒಳಗೆ ರವೆ ಉದುರಿಸಿದ ಹಾಗೆ?"

ಮಾವ ಇನ್ನಷ್ಟು ಬಗ್ಗಿದರು. "ಇದೆ. ಇನ್ನೊಂದು. ಅಲ್ಲಿ ಎರಡು. ಮೂರು!"

"ಅವೆಲ್ಲ ಹೊಸದಾಗಿ ಹುಟ್ಟಿದವು. ಇವುಗಳ ಮನೆಯಲ್ಲಿ ಎಲ್ಲ ಉಲ್ಟಾ, ಕೂಸುಗಳೇ ದೊಡ್ಡವು, ಮುದುಕರೇ ಚಿಕ್ಕವರು. ಯಂತ್ರಕ್ಕೆ ಇದು ತಿಳಿಯಲ್ಲ. ಇಷ್ಟು ದೊಡ್ಡದಿದ್ಮೇಲೆ ಕೆಂಪುಕಣವೇ ಇರ್ಬೇಕು ಅಂತ ಆ ಕಡೆ ಸೇರಿಸಿಬಿಡುತ್ತೆ. ನಾನು ಕಣ್ಣಲ್ಲಿ ಎಣಿಸಿದ್ರೆ ಎಪ್ಪತ್ತು ಸಾವಿರಕ್ಕೆ ಹತ್ತಿರ ಬರುತ್ತೆ. ಎಪ್ಪತ್ತೂ ಬೇಡ. ಇಷ್ಟು ಕೂಸು ಕಾಣ್ತಿದೆ ಅಂದ್ರೆ ಮೂಳೆಯೊಳಗಿನ ಕಾರ್ಖಾನೆ ಬಾಗಿಲು ತೆಗೆದಿದೆ ಅಂತ. ಮೊದಲ ದಿನದ ಗಾಜಲ್ಲಿ ಇಂಥದ್ದು ಒಂದೂ ಇರ್ಲಿಲ್ಲ."

ಮಾವ ತಲೆಯೆತ್ತಲಿಲ್ಲ. ಅವರ ಬೆನ್ನಿನ ಹಿಂದೆ ಗೋಂದಿನತ್ತೆ ಬಂದು ನಿಂತಿದ್ದರು. "ಜರುಗ್ರೀ, ನನಗೂ ಸ್ವಲ್ಪ," ಎಂದು ಭುಜ ತಳ್ಳಿದರು. ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿ, ಬಹಳ ಹೊತ್ತು ನೋಡಿ ಹೇಳಿದರು: "ಗೋಂದು ಚೆನ್ನಾಗಿ ಕುದೀತಿದೆ."

ಡಾಕ್ಟರಮ್ಮನೂ ನೋಡಿದರು, ಒಪ್ಪಿದರು. ಮಾತ್ರೆ ಮುಂದುವರಿಯಲಿ, ಕೀವು ಅದಕ್ಕೇ ಸ್ವಲ್ಪ ಬಗ್ಗುತ್ತಿದೆ, ಒಂದು ವಾರ ಕಾಯೋಣ ಎಂದರು. "ರಕ್ತ ಕೊಡಿಸೋಕೆ ಬರುವಾಗ..." ಎಂದು ಶುರುಮಾಡಿದವರನ್ನು ಗೋಂದಿನತ್ತೆ ತಡೆದರು: "ನಾನು ಬರ್ತೀನಿ. ಹಿಂಗಾಲಲ್ಲಿ ಬಿಳಿ ಬೆರಳು ಇಲ್ಲ ಅಂತ ನೋಡಿಯೇ ಒಳಗೆ ಬಿಡ್ತೀನಿ."

ಆ ವಾರ ಲೋಲಕ ಮೊದಲು ಹಾಲು ಕುಡಿಯಿತು, ಆಮೇಲೆ ಹಾಲಲ್ಲಿ ನೆನೆಸಿದ ಬ್ರೆಡ್ಡು ತಿಂದಿತು. ವಸಡಿನ ಚುಕ್ಕೆಗಳು ಕಂದಾಗಿ, ಹಳದಿಯಾಗಿ, ಮಾಯವಾದವು. ವಾರ ಕಳೆದ ಮೇಲೆ ಮಾಡಿಸಿದ ಎಣಿಕೆ ಒಂದು ಲಕ್ಷ ಅರವತ್ತು ಸಾವಿರ. ಯಂತ್ರವೂ ಗಾಜಿನಕ್ಕನೂ ಈ ಸಲ ಜಗಳವಾಡಲಿಲ್ಲ. ಮಾರನೆಯ ಬೆಳಿಗ್ಗೆ ಹಲ್ಲು ಹೊರಬಂತು, ರಕ್ತ ನಾಲ್ಕೇ ನಿಮಿಷಕ್ಕೆ ನಿಂತಿತು. ಡಾಕ್ಟರಮ್ಮ ಆ ಹಲ್ಲನ್ನು ಚಿಕ್ಕ ಸೀಸೆಯಲ್ಲಿ ಹಾಕಿ ಕೊಟ್ಟರು. ಮಾವ ಅದನ್ನು ಹಿತ್ತಾಳೆ ಕೀಲಿಯ ಜೊತೆ ಮೇಜಿನ ಮೇಲೆ ಇಟ್ಟುಕೊಂಡರು. ಸ್ಕೇಲಿನ ಈಚೆ, ತಮ್ಮ ಕಡೆ. ತಪ್ಪು ಯಾರ ಕಡೆಯದು ಎಂಬ ಜಗಳ ಅಲ್ಲಿಗೆ ಮುಗಿಯಿತು.

ಮತ್ತೊಂದು ವಾರ ಕಳೆದು ಮಾವ ಲೋಲಕನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಬಗಲಲ್ಲಿ ಬಟ್ಟೆ ಸುತ್ತಿದ ಒಂದು ಗಂಟಿತ್ತು. ಹಲ್ಲು ತೆಗೆದ ದಿನವೇ ಅವರು ಲ್ಯಾಬಿನ ಗೋಡೆ ಗಡಿಯಾರವನ್ನು ಬಿಚ್ಚಿ ಮನೆಗೆ ಒಯ್ದಿದ್ದರು. "ಮೂರು ನಿಮಿಷ ಅಂತ ನೀವು ಬಣ್ಣ ಹಾಕಿದ್ರೆ ಅದು ನಾಲ್ಕಾಗ್ತಿದೆ ಅಕ್ಕ. ಅದರ ಹೊಟ್ಟೇಲೂ ಏನೋ ಕಡಿಮೆಯಾಗಿದೆ," ಎಂದಿದ್ದರು. ಈಗ ಅದಕ್ಕೆ ಎಣ್ಣೆ ಬಿದ್ದಿತ್ತು, ಸವೆದ ಹಲ್ಲುಚಕ್ರ ಬದಲಾಗಿತ್ತು, ಗಾಜು ಫಳಫಳ ಹೊಳೆಯುತ್ತಿತ್ತು. ಮುಳ್ಳಿಗೆ ಹೊಸ ಕಪ್ಪು ಬಣ್ಣವೂ ಹತ್ತಿತ್ತು.

ಮಾವ ಸ್ಟೂಲು ಹತ್ತಿ ಅದನ್ನು ಮೊಳೆಗೆ ತಗುಲಿಸಿದರು. ಗಾಜಿನಕ್ಕ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ಗಡಿಯಾರವನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅವರ ಕಾಲಬುಡದಲ್ಲಿ ಲೋಲಕನ ಬಾಲ ಅತ್ತಿಂದಿತ್ತ, ಇತ್ತಿಂದತ್ತ ಬೀಸುತ್ತ ಸಿಂಕಿನ ಕಾಲಿಗೆ ಟಪ್ ಟಪ್ ಎಂದು ಹೊಡೆಯುತ್ತಿತ್ತು.

"ಮಾವ, ಒಂದು ಮಾತು," ಎಂದರು ಗಾಜಿನಕ್ಕ. "ಇದು ನಮ್ಮದೇ ತಾನೆ? ಪಾಪ ಅನ್ನಿಸಿ ಇದರ ಅಣ್ಣನನ್ನ ತಂದು ತಗುಲಿಸಿಲ್ಲವಲ್ಲ?"